ಆಶ್ರಮದಿಂದ ತಂದ ಜಾತಿನಾಯಿ

ತಾವರೆಕೆರೆ, ಶಿರಾ ತಾಲ್ಲೂಕು
ಆಗಸ್ಟ್ ೧೯೮೪

ಪ್ರಾಣಿ ಆಶ್ರಮದ ಡಾಕ್ಟರಮ್ಮನವರಿಗೆ ಕುರಿ ಸಾಕುವ ದಾಸಣ್ಣನ ನಮಸ್ಕಾರಗಳು.

ನೀವು ಕೊಟ್ಟ ಅಲ್ಸೇಷಿಯನ್ ನಾಯಿಯನ್ನು ನೋಡಲು ಬರುವುದಾಗಿ ಬರೆದಿದ್ದೀರಿ. ಅದಕ್ಕೆ ಮೊದಲು ಒಂದು ವಿಷಯ ತಿಳಿಸಬೇಕು. ಯಾರೋ ಬಿಟ್ಟುಹೋದ ನಾಯಿ ಎನ್ನಲು ನಾಚಿಕೆಯಾಗಿ, ಜಾತಿನಾಯಿ ಮಾರುವವರ ಹತ್ತಿರ ಆರಿಸಿ ತಂದೆನೆಂದು ಊರಿಗೆಲ್ಲ ಹೇಳಿದ್ದೆ. ಹೋದ ವಾರ ಭಾವಮೈದ ಬೋರಪ್ಪ ಬಂದಿದ್ದ. ಕುರಿ ಅಟ್ಟಲು ನಾನು ಕೋಲೆತ್ತಿದ ತಕ್ಷಣ ನಾಯಿ ನಡುಗುತ್ತ ನೆಲಕ್ಕೆ ಮಲಗಿ ಉಚ್ಚೆ ಹೊಯ್ದುಕೊಂಡಿತು.

"ಏನ್ ಭಾವ, ಇಂಥಾ ಪುಕ್ಕಲು ನಾಯಿನಾ ಆರಿಸ್ಕಂಡ್ ಬಂದಿದ್ದು?" ಎಂದು ಅವನು ನಕ್ಕ. ನಿಂತವರೆಲ್ಲ ನಕ್ಕರು. ಅವಮಾನ ತಡೆಯಲಾಗದೆ ಅದೇ ಕೋಲಿನಿಂದ ನಾಯಿಗೆ ಹೊಡೆದೆ.

ನನ್ನ ಹೆಂಡತಿ ಭೀಮಕ್ಕ ಓಡಿಬಂದು, "ಎಲ್ಲೋ ಏಟು ತಿಂದ್ಕಂಡ್ ಬಂದೈತೆ, ನೀನೂ ಹೊಡೀಬೇಕಾ?" ಎಂದು ಕೋಲು ಕಿತ್ತುಕೊಂಡಳು. ನಾಯಿ ಓಡಿಹೋಗಲಿಲ್ಲ. ತೆವಳಿಕೊಂಡು ಬಂದು ನನ್ನ ಪಾದದ ಮೇಲೆ ತಲೆಯಿಟ್ಟಿತು.

ಅಲ್ಲೇ ಎಲ್ಲರಿಗೂ ನಿಜ ಹೇಳಿದೆ. ಈಗ ಬರಿಗೈಯಲ್ಲೇ ಕುರಿ ಮೇಯಿಸುತ್ತಿದ್ದೇನೆ.

ಏಟು ಬಿದ್ದ ನಾಯಿಯ ಕಾಲು ಇನ್ನೂ ಊದಿದೆ, ಮುಲಾಮು ಇದ್ದರೆ ತನ್ನಿ. ವಾಪಸು ಕರೆದೊಯ್ಯುವುದಾದರೆ ಮೊದಲೇ ತಿಳಿಸಿ. ಭೀಮಕ್ಕನ ಕೈಗೆ ಒಪ್ಪಿಸಿ ನಾನು ಎಲ್ಲಾದರೂ ಹೋಗಿರುತ್ತೇನೆ. ನಾನು ಎದುರಿಗಿದ್ದರೆ ಅದು ನನ್ನನ್ನು ಬಿಟ್ಟು ಬರುವುದಿಲ್ಲ.

ಇಂತಿ, ತಲೆ ತಗ್ಗಿಸಿ,
ದಾಸಣ್ಣ