ಮೊದಲ ಅರ್ಧ

ಬಿಕರ್ನಕಟ್ಟೆ, ಮಂಗಳೂರು
14 ಅಕ್ಟೋಬರ್ 2024

ಪ್ರೀತಿಯ ಸಿಸ್ಟರ್ ಅಪೊಲೋನಿಯಾ ಅವರಿಗೆ,

ಇದ್ದಕ್ಕಿದ್ದಂತೆ ಹೀಗೆ ಬರೆಯುತ್ತಿರುವುದಕ್ಕೆ ಸಾರಿ ಸಿಸ್ಟರ್. ನಿಮಗೆ ಕಣ್ಣು ಸರಿ ಕಾಣುವುದಿಲ್ಲ, ಕಾನ್ವೆಂಟಿನಲ್ಲಿ ರೆಸ್ಟ್‌ನಲ್ಲಿದ್ದೀರಿ ಎಂದು ಗೊತ್ತಿದ್ದೂ ತೊಂದರೆ ಕೊಡುತ್ತಿದ್ದೇನೆ. ಫೋನ್ ಮಾಡಿದರೆ ಅತ್ತುಬಿಡುತ್ತೇನೆ ಎಂಬ ಹೆದರಿಕೆ. ಕನ್ನಡ ತಪ್ಪಿದ್ದರೆ ನೀವು ಹಾಸ್ಟೆಲಿನ ವಾರ್ಡನ್ ಆಗಿದ್ದಾಗ ಮಾಡುತ್ತಿದ್ದ ಹಾಗೆ ಕೆಂಪು ಗೆರೆ ಎಳೆಯಿರಿ.

ಈಗ ಮನೆಯಿಂದಲೇ ಹೋಗಿಬರುವ ಕಾಲೇಜು ಪರವಾಗಿಲ್ಲ. ಕೆಮಿಸ್ಟ್ರಿ ಇಂಟರ್ನಲ್ಸ್ ಕಷ್ಟ, ಆದರೂ ಪಾಸಾಗುತ್ತೇನೆ. ವಿಷಯ ಅದಲ್ಲ. ನನಗೆ ಪ್ರಾರ್ಥನೆ ಮಾಡಲು ಆಗುತ್ತಿಲ್ಲ.

ಜೂನ್‌ನಲ್ಲಿ ಮಮ್ಮಿ ತೀರಿಹೋದಾಗ ನೀವು ಕಳುಹಿಸಿದ ಕಾರ್ಡ್ ಇನ್ನೂ ಮನೆಯ ದೇವರ ಆಲ್ತಾರಿನ ಮೇಲೆಯೇ ಉಂಟು. ಏಳನೆಯ ದಿನದ ಪೂಜೆ ಮುಗಿದು ನೆಂಟರೆಲ್ಲ ಹೋದ ಸಂಜೆ ಪಪ್ಪ ಮೇಣದಬತ್ತಿ ಹಚ್ಚಿದರು. ಜಪಸರ ಹಿಡಿದು ಇಬ್ಬರೂ ಮೊಣಕಾಲೂರಿದೆವು. ಯಾರೂ ಶುರು ಮಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅರ್ಥವಾಯಿತು, ಅವರು ನನಗಾಗಿ ಕಾಯುತ್ತಿದ್ದರು, ನಾನು ಅವರಿಗಾಗಿ. ನಮ್ಮ ಮನೆಯ ಕೊಂಕಣಿ ಜಪದಲ್ಲಿ, ಮಾತೆ ಮರಿಯಳಿಗೆ ‘ನಮಾನ್ ಮರಿಯೆ’ ಎಂದು ಶುರುವಾಗುವ ಮೊದಲ ಅರ್ಧ ಯಾವಾಗಲೂ ಮಮ್ಮಿಯದು. ‘ಭಾಗೆವಂತ್ ಮರಿಯೆ’ಯಿಂದ ಮುಂದಿನದು ನಮ್ಮಿಬ್ಬರದು. ಹಾಸ್ಟೆಲಿನಲ್ಲಿಯೂ ಮೊದಲ ಅರ್ಧ ನಿಮ್ಮದೇ. ಇಷ್ಟು ವರ್ಷ ನಾನು ಅರ್ಧ ಪ್ರಾರ್ಥನೆಯನ್ನಷ್ಟೇ ಹೇಳಿದವಳು.

ಕೊನೆಗೆ ನಾನೇ ಬಾಯಿ ತೆರೆದೆ. ಬಂದದ್ದು ಎರಡನೆಯ ಅರ್ಧ. ಪಪ್ಪ ಎದ್ದು ಬತ್ತಿ ಆರಿಸಿ, “ನಾಳೆ ನೋಡುವ, ಮಗಳೇ” ಎಂದರು. ಆಮೇಲೆ ಅವರು ಆಲ್ತಾರಿನ ಮುಂದೆ ಕೂತಿಲ್ಲ.

ಪ್ರಾರ್ಥನೆಯ ಬೆಲ್ ಇಲ್ಲದ ಕಡೆ ನಿಮ್ಮ ಭಕ್ತಿ ಎಷ್ಟುಂಟು ನೋಡುವ ಎಂದು ನೀವು ನಮ್ಮನ್ನು ಗೇಲಿ ಮಾಡುತ್ತಿದ್ದಿರಿ. ಇಷ್ಟೇ ಉಂಟು ಸಿಸ್ಟರ್. ಮೊದಲ ಅರ್ಧ ಬರೀ ನಮಸ್ಕಾರ, ಅದರಲ್ಲಿ ನಾವು ಏನನ್ನೂ ಕೇಳುವುದಿಲ್ಲ. ಕೇಳುವುದೆಲ್ಲ ಎರಡನೆಯದರಲ್ಲಿ. ನನಗೆ ಕೇಳಿ ಮಾತ್ರ ಅಭ್ಯಾಸ. ಹುಷಾರಿಲ್ಲದ ಮಮ್ಮಿಗಾಗಿ ಎಷ್ಟು ಕೇಳಿದೆ. ಕೊಡಲಿಲ್ಲ. ಕೊಡದವರಿಗೆ ಈಗ ನಮಸ್ಕಾರ ಹೇಗೆ ಹೇಳುವುದು?

ಕ್ಲಾಸಿನ ದೀಕ್ಷಿತಾಳಿಗೆ ಇದನ್ನು ಹೇಳಿದರೆ, “ಎಂತ ಮಾರಾಯ್ತಿ, ಯೂಟ್ಯೂಬಲ್ಲಿ ಉಂಟಲ್ಲ, ಹಾಕಿ ಬಿಡು. ನಮ್ಮನೆಯಲ್ಲಿ ಭಜನೆ ಅದರಲ್ಲೇ” ಎಂದಳು. ನಗು ಬಂತು. ಆದರೆ ಯೂಟ್ಯೂಬ್ ಯಾರಿಗೂ ಕಾಯುವುದಿಲ್ಲ. ಮಮ್ಮಿ ಕಾಯುತ್ತಿದ್ದಳು. ಪಪ್ಪ ನಡುವೆ ಆಕಳಿಸಿದರೆ, ಆಕಳಿಕೆ ಮುಗಿಯುವವರೆಗೂ.

ಪಪ್ಪನಿಗೆ ಏನೂ ಅನ್ನಿಸುವುದಿಲ್ಲವೋ ಏನೋ. ಸರಿಯಾಗಿ ಪ್ರಾರ್ಥನೆಯ ಹೊತ್ತಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಬಾಲ್ಕನಿಗೆ ಹೋಗುತ್ತಾರೆ. ನನಗೆ ಅವರ ಬೆನ್ನು ಮಾತ್ರ ಕಾಣುತ್ತದೆ. ಮನಸ್ಸಿಲ್ಲದಿದ್ದರೂ ಅವರಿಗೆ ಕೇಳಲಿ ಎಂದು ನಾನು ಒಳಗೆ ಮೊದಲ ಅರ್ಧವನ್ನು ಬೇಕೆಂದೇ ಜೋರಾಗಿ ಹೇಳಿ ಕಾಯುತ್ತೇನೆ. ಅವರು ತಿರುಗುವುದಿಲ್ಲ. ನಿನ್ನೆ ಅರ್ಧಕ್ಕೇ ಎದ್ದುಬಿಟ್ಟೆ. ಇವತ್ತು ಕೂರುವ ಮನಸ್ಸೇ ಆಗದೆ ಇದನ್ನು ಬರೆಯುತ್ತಿದ್ದೇನೆ. ಇನ್ನು ಬಿಟ್ಟೇ ಬಿಡುತ್ತೇನೇನೋ ಎಂದು ಭಯವಾಗುತ್ತದೆ.

ನೀವು ಒಬ್ಬರೇ ಹೇಳುವಾಗ ಮಧ್ಯದಲ್ಲಿ ನಿಲ್ಲುತ್ತೀರಾ? ಯಾರಿಗಾಗಿ?

ನಿಮ್ಮ ಹಾಸ್ಟೆಲಿನ, ಈಗ ಬೆಲ್ ಇಲ್ಲದ,
ಮೆರ್ಲಿನ್

ತಾ.ಕ.: ನಿಮ್ಮ ಪಿನ್‌ಕೋಡ್ ಕೇಳಲು ಬಾಲ್ಕನಿಗೆ ಹೋದೆ. ಪಪ್ಪ ಕಣ್ಣು ಮುಚ್ಚಿಕೊಂಡಿದ್ದರು. ತೀರಾ ಹತ್ತಿರ ಹೋದ ಮೇಲೆ ಕೇಳಿಸಿತು: ‘ಭಾಗೆವಂತ್ ಮರಿಯೆ’ ಹೇಳಿ ಮುಗಿಸುತ್ತಾರೆ, ಸುಮ್ಮನಾಗುತ್ತಾರೆ, ಮತ್ತೆ ಹೇಳುತ್ತಾರೆ. ನನ್ನನ್ನು ಕಂಡು ಬೆಚ್ಚಿದರು. ಒಂದು ಇಯರ್‌ಫೋನ್ ತೆಗೆದು ನನ್ನ ಕಿವಿಗಿಟ್ಟರು. ನಾನು ಹಾಸ್ಟೆಲಿನಲ್ಲಿದ್ದಾಗ, ಮನೆಯಲ್ಲಿ ಒಬ್ಬರೇ ಇದ್ದ ಪಪ್ಪನಿಗೆ ಮಮ್ಮಿ ಆಸ್ಪತ್ರೆಯಿಂದ ಕಳುಹಿಸಿದ ವಾಯ್ಸ್ ಮೆಸೇಜ್. ಮೊದಲ ಅರ್ಧ ಹೇಳಿ, ಪಪ್ಪ ಮುಗಿಸುವಷ್ಟು ಹೊತ್ತು ಕಾಯುತ್ತಾಳೆ. ಅವಳ ಉಸಿರು ಕೇಳಿಸುತ್ತದೆ ಸಿಸ್ಟರ್. ನಾನು ಕೇಳುತ್ತ ನಿಂತೆ. ಎರಡನೆಯ ಅರ್ಧ ಪಪ್ಪ ಹೇಳಿದರು.

ನಾಳೆ ನಾನು ಅವರ ಪಕ್ಕದಲ್ಲಿ ಕೂರಲೋ, ಇಲ್ಲ ಆಲ್ತಾರಿನ ಮುಂದೆ ನಾನೇ ಶುರು ಮಾಡಿ ಅವರನ್ನು ಕರೆಯಲೋ? ಕರೆದರೆ ಮಮ್ಮಿಯನ್ನು ಅವರ ಕಿವಿಯಿಂದ ತೆಗೆದ ಹಾಗೆ ಆಗುತ್ತದಾ? ದಯವಿಟ್ಟು ಬೇಗ ಉತ್ತರ ಬರೆಯಿರಿ.