ಹತ್ತು ಜನರ ಪಟ್ಟಿ

ಮಾರ್ಚ್ 4, ಸಂಜೆ
ಬಿಷ್ಕೆಕ್‌ಗೆ ಹೋಗಬೇಕಾದ ಕೋಟುಗಳ ತೋಳು ಮುಗಿಸಿದೆ. ಯಂತ್ರಕ್ಕೆ ಎಣ್ಣೆ ಬಿಟ್ಟೆ. ಅಷ್ಟರಲ್ಲಿ ಒಡತಿ ರೈಖಾನ್ ಎಲ್ಲರನ್ನೂ ಕರೆದರು. ಹೊಸ ನಿಯಮವಂತೆ — ಮೂರು ಮಕ್ಕಳ ತಾಯಂದಿರನ್ನು ಕಾಗದಪತ್ರ ಮಾಡಿ ಕೆಲಸಕ್ಕಿಟ್ಟುಕೊಂಡರೆ ಕಾರ್ಖಾನೆಗೆ ತೆರಿಗೆ ಕಡಿಮೆ. ನಾವು ಮೂವತ್ತು ಜನ. ಪಟ್ಟಿಯಲ್ಲಿ ಹತ್ತು. ಅವರಿಗೆ ಇನ್ನು ಪಿಂಚಣಿ, ರಜೆ, ಕಾಯಿಲೆ ಬಿದ್ದರೂ ಸಂಬಳ. ಉಳಿದವರು ಇದ್ದ ಹಾಗೇ.

ಏಳನೆಯ ಹೆಸರು ಜಿಪಾರ್.

ಅವಳಿಗೆ ಹೊಲಿಗೆ ಕಲಿಸಿದವಳು ನಾನು. ಅವಳು ಬಂದು ಮೂರು ವರ್ಷ. ನಾನು ಬಂದು ಹನ್ನೊಂದು.

ನನಗೆ ಮಕ್ಕಳಿಲ್ಲ. ಅದನ್ನೇ ಎಲ್ಲರೆದುರು ಗಟ್ಟಿಯಾಗಿ ಓದಿದಂತಾಯಿತು.

ಮಾರ್ಚ್ 7
ಜಿಪಾರ್ ಮೈದಾ ಹಿಟ್ಟಿನ ಬೋರ್ಸೊಕ್ ಕರಿದು ತಂದಿದ್ದಳು, ಎಲ್ಲರಿಗೂ. "ಸೈರಾ ಅಕ್ಕ, ಮೊದಲು ನೀವು ತಗೊಳ್ಳಿ. ನಿಮ್ಮಿಂದಾನೇ ಅಲ್ವಾ ನಾನಿಲ್ಲಿರೋದು." ತೆಗೆದುಕೊಂಡೆ. ಕಾಗದದಲ್ಲಿ ಸುತ್ತಿ ಯಂತ್ರದ ಪಕ್ಕಕ್ಕಿಟ್ಟೆ. ಡಾಕ್ಟರ ಹತ್ತಿರ ಹೋಗಬೇಕೆಂದು ರಜೆ ಬರೆದುಕೊಟ್ಟು ಹೋದಳು. ರಜೆ... ನಾನು ಹೋದ ಚಳಿಗಾಲ ಜ್ವರದಲ್ಲೇ ಕೋಟುಗಳಿಗೆ ಗುಂಡಿ ಹೊಲಿದೆ.

ಆ ಮೂರನೆಯ ಮಗು ಅವಳದಲ್ಲ. ತಂಗಿಯದು. ತಂಗಿ ಮಾಸ್ಕೋಗೆ ದುಡಿಯಲು ಹೋದವಳು ಕೂಸನ್ನು ಇವಳ ಮಡಿಲಿಗೆ ಹಾಕಿದಳು. ಇವಳು ತನ್ನದೆಂದು ಬರೆಸಿದ್ದಾಳೆ. ನನಗೊಬ್ಬಳಿಗೇ ಹೇಳಿದ್ದಳು, ಅಳುತ್ತಾ.

ಮಾರ್ಚ್ 8
ಹೆಂಗಸರ ಹಬ್ಬ. ಒಡತಿ ಪ್ರತಿಯೊಬ್ಬರಿಗೂ ಒಂದೊಂದು ಟ್ಯುಲಿಪ್ ಕೊಟ್ಟರು. ಹೂವಿಗೆ ಪಟ್ಟಿ ಇರಲಿಲ್ಲ.

ಮಾರ್ಚ್ 12, ಮಧ್ಯಾಹ್ನ
ಆ ಮೂರನೆಯ ಮಗುವಿನ ವಿಷಯ ಹೇಳಿಬಿಟ್ಟೆ.

ಉದ್ಯೋಗ ಕಚೇರಿಯಲ್ಲಿ ಕನ್ನಡಕದ ಹೆಂಗಸು, ನನ್ನದೇ ವಯಸ್ಸು. ಎಲ್ಲ ಬರೆದುಕೊಂಡಳು. ಆಮೇಲೆ ನಾನು ಕಾರ್ಖಾನೆಯಲ್ಲಿ ಎಷ್ಟು ವರ್ಷದಿಂದ ಇದ್ದೇನೆಂದು ಕೇಳಿದಳು. ಹೇಳಿದೆ. ಕಂಪ್ಯೂಟರಿನಲ್ಲಿ ಹುಡುಕಿದಳು. ನಾನೆಲ್ಲೂ ಇಲ್ಲ.

"ಅವರ ಹೆಸರು ಇದೆ ಅಂತ ಬಂದ್ರಿ. ನಿಮ್ಮ ಹೆಸರು ಇಲ್ಲ ಅಂತ ಯಾವತ್ತೂ ಬರಲಿಲ್ವಲ್ಲ?"

ಬರೆದದ್ದನ್ನು ಹರಿದುಹಾಕಿ ಎಂದೆ. ನಂಬರು ಬಿದ್ದಾಗಿದೆ, ಆಗುವುದಿಲ್ಲ ಎಂದಳು.

ಮಾರ್ಚ್ 19
ಪಟ್ಟಿಯಲ್ಲಿ ಈಗ ಒಂಬತ್ತು.

ಒಡತಿಯ ಕೋಣೆಗೆ ಹೋಗಿದ್ದ ಜಿಪಾರ್ ನನ್ನ ಪಕ್ಕದ ಯಂತ್ರಕ್ಕೆ ವಾಪಸಾದಳು. ಒಂದು ಕ್ಷಣ ಖುಷಿಯಾಯಿತು — ಈ ಡೈರಿಯಲ್ಲಾದರೂ ನಾನು ಸುಳ್ಳು ಬರೆಯಬಾರದು. ಆಮೇಲೆ ನೋಡಿದೆ, ಅವಳ ದಾರ ಮತ್ತೆ ಮತ್ತೆ ಹರಿಯುತ್ತಿತ್ತು. ನಾಲ್ಕು ತಿಂಗಳ ಬಸುರಿಯಂತೆ. ಹೆರಿಗೆ ರಜೆ ನಂಬಿಕೊಂಡಿದ್ದಳು. ಆಗಸ್ಟಿಗೆ ತನ್ನವೇ ಮೂರಾಗುತ್ತವೆ. ಪಟ್ಟಿ ಮಾತ್ರ ಅಷ್ಟರಲ್ಲಿ ಮುಚ್ಚಿರುತ್ತದೆ.

ಬಸುರಿ ಎಂದು ಕೇಳಿದಾಗಲೂ ಹೊಟ್ಟೆ ಉರಿಯಿತು. ನಾನೆಂಥ ಹೆಂಗಸು.

ಮಾರ್ಚ್ 25
ವಸಂತ ಹಬ್ಬದ ರಜೆಯಲ್ಲಿ ಕೂತು ದೂರು ಬರೆದೆ. ಇಲ್ಲಿ ಮೂವತ್ತು ಜನ ದುಡಿಯುತ್ತೇವೆ, ಇಪ್ಪತ್ತೊಂದು ಜನಕ್ಕೆ ಕಾಗದವಿಲ್ಲ. ಮೊದಲ ಹೆಸರು ನನ್ನದು. ಇವತ್ತು ಊಟದ ಹೊತ್ತಿಗೆ ಎಲ್ಲರಿಗೂ ತೋರಿಸಿದೆ. ಕೆಲಸ ಹೋದರೆ ಎಂದು ಹೆಚ್ಚಿನವರು ಹಿಂದೆ ಸರಿದರು. ಆರು ಜನ ಸಹಿ ಹಾಕಿದರು. ಜಿಪಾರ್ ಓದಲೂ ಇಲ್ಲ, ಹಾಕಿಬಿಟ್ಟಳು. ನನ್ನ ಹೆಸರಿನ ಕೆಳಗೇ.

ಮಾರ್ಚ್ 26, ಬೆಳಿಗ್ಗೆ
ಕಚೇರಿಗೆ ಕೊಟ್ಟು ಬಂದೆ. ಕನ್ನಡಕದವಳು ಮುದ್ರೆ ಒತ್ತಿದಳು. ಒಡತಿಗೆ ಆಗಲೇ ಸುದ್ದಿ ಮುಟ್ಟಿದೆ. ನಾಳೆಯಿಂದ ನನಗೆ ಯಂತ್ರವಿಲ್ಲವಂತೆ. ಉಳಿದವರ ಮೇಲೆ ಕೈ ಹಾಕಿಲ್ಲ, ಸದ್ಯ.

ಸಂಜೆ
ಜಿಪಾರ್ ಮನೆಗೆ ಹೋದೆ. ಬಾಗಿಲಲ್ಲೇ ಹೇಳಿದೆ, ಮಗುವಿನ ವಿಷಯ ಕಚೇರಿಗೆ ಮುಟ್ಟಿಸಿದವಳು ನಾನೇ ಎಂದು.

"ಗೊತ್ತಿತ್ತು ಅಕ್ಕ. ನಿಮಗೊಬ್ಬರಿಗೇ ತಾನೇ ಹೇಳಿದ್ದು." ಬಾಗಿಲ ಚೌಕಟ್ಟಿಗೆ ಒರಗಿದಳು. "ನೀವಾಗೇ ಬಂದು ಹೇಳ್ತೀರಾ ಅಂತ ಕಾಯ್ತಿದ್ದೆ."

ಒಳಗೆ ಕರೆಯಲಿಲ್ಲ. ಬಾಗಿಲು ಹಾಕಲೂ ಇಲ್ಲ. ನಾನು ಹೊಸ್ತಿಲ ಹೊರಗೇ ಕೂತೆ.