ಹಳೇ ಕಂಪ್ಯೂಟರಿನಲ್ಲಿ ಹಾರುತ್ತಿರುವ ವಿಮಾನ

ರೀ,

ಕಂಪ್ಯೂಟರ್ ಆಫ್ ಮಾಡಬೇಡಿ, ವಿಮಾನ ಮೇಲಿದೆ!

ಗೋಪಾಳದ ಅಂಗಡಿಯಲ್ಲಿ ಸಿಕ್ಕ ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡನ್ನು ಬೆಳಿಗ್ಗೆ ನಾನೇ ಕೂರಿಸಿದೆ. "ಈ ಹಳೇ ಡಬ್ಬಕ್ಕೆ ಅದೆಲ್ಲ ಹೊಂದಲ್ಲ ಮಾರಾಯ್ತಿ" ಅಂದಿದ್ರಲ್ಲ, ನೋಡಿ, ಹೊಂದ್ತು! ಆಟದಲ್ಲಿ ನಿಂತು ನಿಂತು ಹಾರ್ತಿದ್ದ ವಿಮಾನ ಈಗ ಹದ್ದಿನ ಹಾಗೆ ತೇಲ್ತಿದೆ. ತುಂಗಾ ಹೊಳೆ, ನಮ್ಮೂರ ಸೋಗಾನೆ ವಿಮಾನ ನಿಲ್ದಾಣದ ರನ್‌ವೇ ಎಲ್ಲ ಕಾಣಿಸ್ತು. ಕುಣಿದುಬಿಟ್ಟೆ.

ಇದನ್ನ ತೋರಿಸಲೇಬೇಕು ಅಂತ ಭದ್ರಾವತಿಯಿಂದ ಅಕ್ಕನ್ನ ಕರ್ಕೊಂಡು ಬರೋಕೆ ಹೊರಟೆ. ಅನ್ನ ಕುಕ್ಕರಲ್ಲಿದೆ, ಸಾರು ಬಿಸಿ ಮಾಡ್ಕೊಳ್ಳಿ. ಕಂಪ್ಯೂಟರಿನ ಮುಚ್ಚಳ ತೆಗೆದೇ ಇದೆ, ಹತ್ತಿರ ಕಾಫಿ ಲೋಟ ಇಟ್ಟೀರಿ, ಜೋಕೆ!

ವಿಮಾನ ತಾನಾಗೇ ಹಾರ್ತಿದೆ, ಮೂರೂವರೆಗೆ ಸೋಗಾನೆ ಸೇರುತ್ತೆ. ನಾನು ಬರೋದು ತಡವಾದ್ರೆ ನೀವೇ ಇಳಿಸಿ. ಮೂವತ್ತು ವರ್ಷ ಆಗುಂಬೆ ಘಾಟಿಯಲ್ಲಿ ಬಸ್ಸು ಇಳಿಸಿದವರಿಗೆ ಇದೇನು ಮಹಾ!

ದಾಕ್ಷಾಯಣಿ